ಸಾಲ್ವಡೋರಿನ ಅಡುಗೆ ಕಲಿಕೆ: ಮೊದಲ ಕಂತು

ಬ್ರೆಜಿಲ್‌ಗೆ ಒಬ್ಬನೇ ಹೋಗ್ತೀನಿ ಅಂದಾಗ ಎಲ್ಲರೂ ರಿಯೋ ಅಂದರು. ನಾನು ಟಿಕೆಟ್ ಮಾಡಿಸಿದ್ದು ಬಹಿಯಾ ರಾಜ್ಯದ ಸಾಲ್ವಡೋರಿಗೆ. ಕಾರಣ ಊಟ, ಬೇರೇನಿಲ್ಲ. ಇಲ್ಲಿನ ಬಹಿಯಾ ಅಡುಗೆಯಲ್ಲಿ ಕಾಯಿಹಾಲು, ಮೀನು, ಒಣ ಸಿಗಡಿ, ಅಲಸಂದೆ, ಬೆಂಡೆಕಾಯಿ, ಗೇರುಬೀಜ ಎಲ್ಲ ಇದೆ. ಅಂದರೆ ಕುಂದಾಪುರದ ನಮ್ಮ ಮನೆಯಲ್ಲಿ ಇರುವ ಸಾಮಾನೇ. ಅದೇ ಸಾಮಾನಿನಿಂದ ಇವರು ಏನು ಮಾಡುತ್ತಾರೆ ಅಂತ ನೋಡಬೇಕಿತ್ತು. ಅಕರಾಜೆ (ಅಲಸಂದೆ ಹಿಟ್ಟಿನ ಬೋಂಡಾ), ಮೊಕೆಕಾ (ಕಾಯಿಹಾಲು ಹಾಕಿದ ಮೀನಿನ ಅಡುಗೆ), ಕರುರು (ಬೆಂಡೆಕಾಯಿ ಗೊಜ್ಜು), ಈ ಮೂರನ್ನು ಕಲಿತು ಬರಬೇಕು ಅನ್ನುವುದು ಪ್ಲಾನ್.

ಉಳಿದುಕೊಂಡಿರುವುದು ಬಾರಾ ಏರಿಯಾದ ಒಂದು ಹಾಸ್ಟೆಲ್‌ನಲ್ಲಿ. ಅಡುಗೆಮನೆ ಇದೆ ಅಂತಲೇ ಆರಿಸಿದ್ದು. ಭಾರತಕ್ಕಿಂತ ಎಂಟೂವರೆ ಗಂಟೆ ಹಿಂದೆ, ಹಾಗಾಗಿ ಮೊದಲೆರಡು ದಿನ ನಸುಕಿಗೇ ಎಚ್ಚರ. ಒಳ್ಳೆಯದೇ ಆಯಿತು. ಪೋರ್ಟೊ ದ ಬಾರಾ ಬೀಚು ಬೆಳಿಗ್ಗೆ ಖಾಲಿ ಇರುತ್ತದೆ, ಎರಡು ಕೋಟೆಗಳ ನಡುವಿನ ಪುಟ್ಟ ಕಡಲತೀರ, ಅಲೆಯೇ ಇಲ್ಲ ಅನ್ನುವಷ್ಟು ಕಮ್ಮಿ. ಹತ್ತು ಗಂಟೆಯ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಆಗ ಕೆಂಡ ತುಂಬಿದ ಡಬ್ಬಿ ಹಿಡಿದು ಹುಡುಗರು ಬರುತ್ತಾರೆ. ಕಡ್ಡಿಗೆ ಚುಚ್ಚಿದ ಚೀಸನ್ನು ನಮ್ಮ ಮುಂದೆಯೇ ಸುಟ್ಟು, ಮೇಲೆ ಒರೆಗಾನೊ ಉದುರಿಸಿ, ಬೇಕಾದರೆ ಕಾಕಂಬಿ ಸುರಿದು ಕೊಡುತ್ತಾರೆ. ಕರಗುವುದಿಲ್ಲ, ಹಲ್ಲಿಗೆ ಸಿಕ್ಕರೆ ಕಿರುಗುಟ್ಟುತ್ತದೆ. ನನ್ನ ಲಿಸ್ಟಿನಲ್ಲಿ ಇರಲಿಲ್ಲ, ಈಗ ದಿನಾ ತಿನ್ನುತ್ತಿದ್ದೇನೆ.

ಊರು ಎರಡು ಮಟ್ಟದಲ್ಲಿದೆ. ಮೇಲೆ ಹಳೇ ಪೇಟೆ, ಕೆಳಗೆ ಬಂದರು. ಎರಡನ್ನೂ ಜೋಡಿಸಲು ಒಂದು ಸಾರ್ವಜನಿಕ ಲಿಫ್ಟ್ ಇದೆ, ಎಲೆವಡೋರ್ ಲಾಸೆರ್ಡಾ, 1873ರಲ್ಲಿ ಶುರುವಾದದ್ದು, ಎತ್ತರ 72 ಮೀಟರ್. 1549ರಿಂದ 1763ರವರೆಗೆ ಬ್ರೆಜಿಲ್‌ಗೆ ಇದೇ ರಾಜಧಾನಿ. ಮೇಲಿನ ಪೆಲೋರಿನ್ಯೊದ ಬಣ್ಣಬಣ್ಣದ ಮನೆಗಳ ಫೋಟೋ ನೀವೆಲ್ಲ ನೋಡಿರುತ್ತೀರಿ. ಗುಲಾಮರನ್ನು ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದ ಜಾಗ ಅದು. ಈ ಅಡುಗೆ ಬಂದಿರುವುದೂ ಆಫ್ರಿಕಾದಿಂದ ಹಾಗೆ ಹಿಡಿದು ತಂದ ಜನರ ಕೈಯಿಂದಲೇ. ಅಲಸಂದೆ, ಬೆಂಡೆಕಾಯಿ, ತಾಳೆ ಎಣ್ಣೆ ಮೂರೂ ಆ ಕಡೆಯವು. ಒಂದು ಸುತ್ತು ಹಾಕಿ ಇಳಿದುಬಿಟ್ಟೆ, ಚರ್ಚುಗಳ ಬಗ್ಗೆ ನನ್ನನ್ನು ಕೇಳಬೇಡಿ.

ಈಗ ಅಕರಾಜೆ. ಸಂಜೆ ರಿಯೋ ವೆರ್ಮೆಲ್ಯೊ ಅನ್ನುವ ಏರಿಯಾಕ್ಕೆ ಹೋದೆ. ದೊಡ್ಡ ಬಿಳಿ ಲಂಗ, ತಲೆಗೆ ಬಿಳಿ ಬಟ್ಟೆ, ಕೊರಳ ತುಂಬ ಮಣಿಸರ. ಬಯಾನಾ ಎಂದು ಕರೆಯುವ ಈ ಹೆಂಗಸರು ಬಾಣಲೆಯ ಹಿಂದೆ ಕೂತಿರುತ್ತಾರೆ. ನಾನು ತಿನ್ನುವ ಮುಂಚೆ ಪಕ್ಕದಲ್ಲಿ ನಿಂತು ಸುಮ್ನೆ ನೋಡಿದೆ. ಅಲಸಂದೆಯನ್ನು ಒಡೆದು, ನೆನೆಸಿ, ಸಿಪ್ಪೆ ಪೂರ್ತಿ ತೊಳೆದು, ಈರುಳ್ಳಿ ಉಪ್ಪು ಹಾಕಿ ರುಬ್ಬಿದ ಹಿಟ್ಟು. ಸೋಡಾ ಇಲ್ಲ, ಹುದುಗು ಇಲ್ಲ. ಎಲ್ಲ ಕೆಲಸ ಮರದ ಸೌಟಿನದ್ದು. ಆ ಬಯಾನಾ ಮಾತಾಡುತ್ತಲೇ ಪಾತ್ರೆ ವಾಲಿಸಿ ಹಿಟ್ಟನ್ನು ಬೀಸಿ ಬೀಸಿ ಹೊಡೆಯುತ್ತಿದ್ದರು. ನಿಲ್ಲಿಸಿದರೆ ಹಿಟ್ಟು ಕೂರುತ್ತದೆ, ಹೊಡೆದರೆ ಉಬ್ಬುತ್ತದೆ, ಅದು ಕಣ್ಣಿಗೇ ಕಾಣುತ್ತದೆ. ಆಮೇಲೆ ಸೌಟಿನಲ್ಲೇ ಮುದ್ದೆ ಎತ್ತಿ, ಇನ್ನೊಂದು ಚಮಚದಿಂದ ಸವರಿ, ಎಣ್ಣೆಗೆ ಜಾರಿಸುತ್ತಾರೆ. ಎಣ್ಣೆಯಲ್ಲಿ ಒಂದು ಇಡೀ ಈರುಳ್ಳಿ ತೇಲುತ್ತಾ ಇತ್ತು. ಎಣ್ಣೆ ಸೀಯಬಾರದು ಅಂತ ಅದು. ಕೈಸನ್ನೆಯಲ್ಲಿ ಕೇಳಿ ಖಾತ್ರಿ ಮಾಡಿಕೊಂಡೆ.

ಬೆಂದ ಮೇಲೆ ನಡುವೆ ಸೀಳಿ ತುಂಬುತ್ತಾರೆ. ವಾಟಪಾ ಅಂದರೆ ಬ್ರೆಡ್ಡು, ಕಾಯಿಹಾಲು, ಕಡಲೆಕಾಯಿ, ಗೇರುಬೀಜ, ಒಣ ಸಿಗಡಿ ಸೇರಿಸಿ ಕಾಯಿಸಿದ ಗಟ್ಟಿ ಗೊಜ್ಜು. ಜೊತೆಗೆ ಬೆಂಡೆಕಾಯಿಯ ಕರುರು, ಹೆಚ್ಚಿದ ಟೊಮೆಟೊ, ಮೇಲೆ ಸಿಪ್ಪೆ ಸಮೇತ ಸಿಗಡಿ. ಖಾರ ಬೇಕಾ ಅಂತ ಕೇಳುತ್ತಾರೆ. ಹೂಂ ಅನ್ನಿ. ಅದಿಲ್ಲದಿದ್ದರೆ ಎಣ್ಣೆ ನಾಲಿಗೆ ಮೇಲೆ ಜಾಸ್ತಿ ಹೊತ್ತು ಕೂರುತ್ತದೆ. ಅದೇ ಹಿಟ್ಟನ್ನು ಬಾಳೆಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ಅಬರಾ, ನಮ್ಮ ಎಲೆ ಕಡುಬಿನ ಹಾಗೆ. ನನಗೆ ಅದೇ ಜಾಸ್ತಿ ಹಿಡಿಸಿತು. ಜನ ಮಾತ್ರ ಕರಿದದ್ದಕ್ಕೇ ಸಾಲು ನಿಲ್ಲುತ್ತಾರೆ.

ಅಕರಾಜೆ ಬರೀ ಬೀದಿ ತಿಂಡಿ ಅಲ್ಲ. ಆಫ್ರಿಕಾ ಮೂಲದ ಕಾಂಡೊಂಬ್ಲೆ ಧರ್ಮದಲ್ಲಿ ಇಯಾನ್ಸಾ ಎಂಬ ಬಿರುಗಾಳಿಯ ದೇವತೆಗೆ ಇದೇ ನೈವೇದ್ಯ. ಬಯಾನಾಗಳ ಈ ಕಸುಬನ್ನು 2005ರಲ್ಲಿ ದೇಶದ ಪರಂಪರೆ ಎಂದು ಸರ್ಕಾರ ದಾಖಲಿಸಿದೆ. ಅಷ್ಟಾದರೂ 2014ರ ಫುಟ್‌ಬಾಲ್ ವಿಶ್ವಕಪ್‌ಗೆ ಮುಂಚೆ ಸ್ಟೇಡಿಯಂ ಹತ್ತಿರ ಮಾರಬಾರದು ಎಂಬ ಮಾತು ಬಂತು, ಇವರು ಪ್ರತಿಭಟನೆ ಮಾಡಿ ಜಾಗ ಗಿಟ್ಟಿಸಿಕೊಂಡರು. ಬಿಡ್ತಾರಾ?

ಮೊಕೆಕಾ ಕಥೆಯೇ ಬೇರೆ. ಒಬ್ಬನೇ ಬಂದವನಿಗೆ ಇಲ್ಲಿ ದೊಡ್ಡ ತೊಂದರೆ ಅಂದರೆ ಹೋಟೆಲ್‌ಗಳಲ್ಲಿ ಮೊಕೆಕಾ ಸಾಮಾನ್ಯವಾಗಿ ಇಬ್ಬರಿಗೆ ಅಂತಲೇ ಬರುತ್ತದೆ. ಅದಕ್ಕೆ ಪರಿಹಾರ ಕಿಲೋ ಲೆಕ್ಕದ ಹೋಟೆಲ್. ತಟ್ಟೆಗೆ ಬೇಕಾದದ್ದು ಹಾಕಿಕೊಂಡು ತೂಕ ಮಾಡಿಸಿ ದುಡ್ಡು ಕೊಡುವುದು. ಒಬ್ಬೊಬ್ಬರೇ ಓಡಾಡುವವರು ಇದನ್ನು ಬರೆದಿಟ್ಟುಕೊಳ್ಳಿ. ಶುಕ್ರವಾರ ಹೋದರೆ ಇನ್ನೂ ವಾಸಿ. ಆವತ್ತು ಎಷ್ಟೋ ಜನ ಬಿಳಿ ಬಟ್ಟೆ ಹಾಕುತ್ತಾರೆ, ಮಧ್ಯಾಹ್ನದ ಊಟಕ್ಕೆ ಡೆಂಡೆಯ, ಅಂದರೆ ಕೆಂಪು ತಾಳೆ ಎಣ್ಣೆಯ ಅಡುಗೆ ಮಾಡುವುದು ರೂಢಿ.

ಸಾಮಾನಿಗೆ ಸಾವೊ ಜೊವಾಕಿಂ ಸಂತೆಗೆ ಹೋದೆ. ಕೆಳಗಿನ ಊರಲ್ಲಿ, ನೀರಿನ ಪಕ್ಕ. ಫೋನು ಒಳಜೇಬಿನಲ್ಲಿ, ಕೈಯಲ್ಲಿ ಬರೀ ಚೀಟಿ. ಓಣಿಗಳು ಇಕ್ಕಟ್ಟು, ಒದ್ದೆ, ಒಣ ಸಿಗಡಿ ವಾಸನೆ ಬಟ್ಟೆಯಿಂದ ಹೋಗುವುದಿಲ್ಲ. ಡೆಂಡೆ ಎಣ್ಣೆಯನ್ನು ಹಳೇ ಕೂಲ್‌ಡ್ರಿಂಕ್ಸ್ ಬಾಟಲಿಗಳಲ್ಲಿ ತುಂಬಿ ಸಾಲಾಗಿ ಇಟ್ಟಿದ್ದರು. ಮೇಲೆ ಕಡುಕೆಂಪು ತಿಳಿ, ತಳದಲ್ಲಿ ಹಳದಿ ಗಟ್ಟಿ. ಒಂದು ಲೀಟರ್ ತಗೊಂಡೆ. ಪಕ್ಕದಲ್ಲೇ ಹಲಸಿನ ಹಣ್ಣು, ಬಕ್ಕೆ ಬೇರೆ, ತುಳುವೆ ಬೇರೆ ವಿಂಗಡಿಸಿ ಮಾರುತ್ತಾರೆ! ಹಲಸು, ಮಾವು ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಯಿಂದ ಇಲ್ಲಿಗೆ ಬಂದವು, ಗೇರು ಇಲ್ಲಿಂದ ನಮ್ಮ ಕರಾವಳಿಗೆ ಬಂತು. ಇಲ್ಲಿ ಗೇರುಹಣ್ಣಿನ ಜ್ಯೂಸ್ ಮೂಲೆ ಮೂಲೆಯಲ್ಲೂ ಸಿಗುತ್ತದೆ. ನಮ್ಮಲ್ಲಿ ಬೀಜ ಕಿತ್ತುಕೊಂಡು ಹಣ್ಣನ್ನು ತೋಟದಲ್ಲೇ ಕೊಳೆಯಲು ಬಿಡುತ್ತೇವೆ, ಅಲ್ವಾ?

ನಿನ್ನೆ ಹಾಸ್ಟೆಲ್‌ನಲ್ಲಿ ಮೊದಲ ಪ್ರಯೋಗ. ಮೀನಿಗೆ ನಿಂಬೆರಸ, ಬೆಳ್ಳುಳ್ಳಿ, ಉಪ್ಪು. ಮಡಕೆಯಲ್ಲಿ ಈರುಳ್ಳಿ, ಟೊಮೆಟೊ, ದೊಣ್ಣೆ ಮೆಣಸಿನಕಾಯಿ ಬಿಲ್ಲೆ ಹಾಸಿ, ಮೀನು ಇಟ್ಟು, ಮತ್ತೆ ಅದೇ ಹಾಸು, ಕೊತ್ತಂಬರಿ, ಕಾಯಿಹಾಲು. ಒಂದು ಹನಿ ನೀರು ಬೇಡ, ತಿರುವುವ ಹಾಗಿಲ್ಲ. ಡೆಂಡೆ ಕೊನೆಗೆ. ಹುಳಿಗೆ ಕೈ ಹುಣಸೆ ಹುಡುಕುತ್ತಿತ್ತು, ತಡೆದುಕೊಂಡೆ. ಹಾಸ್ಟೆಲ್‌ನ ಅಡುಗೆಯಾಕೆ ರುಚಿ ನೋಡಿ ಇನ್ನೂ ಎಣ್ಣೆ ಸುರಿ ಅಂದರು. ಸುರಿದೆ. ಆಗ ಸರಿಹೋಯಿತು. ಕಾಯಿಹಾಲಿನ ಸಿಹಿಯನ್ನು ಹಿಡಿದು ನಿಲ್ಲಿಸುವುದೇ ಆ ಎಣ್ಣೆ. ಅದನ್ನು ಬಿಟ್ಟು ಮಾಡುವುದಾದರೆ ಮೀನು ಗಸಿಯನ್ನೇ ಮಾಡಿಕೊಳ್ಳಬಹುದು.

ಮುಂದಿನ ಕಂತಿಗೆ ಕರುರು. ಬೆಂಡೆಕಾಯಿಯ ಲೋಳೆ ಹೋಗಬಾರದಂತೆ, ಅಮ್ಮನಿಗೆ ಹೇಳಿದರೆ ನಗುತ್ತಾಳೆ. ಹಾಂ, ಸಂತೆಯಲ್ಲಿ ತಗೊಂಡ ಮಣ್ಣಿನ ಮಡಕೆಯನ್ನು ಬೆಂಗಳೂರಿನ ತನಕ ಒಡೆಯದೆ ತರುವುದು ಹೇಗೆ ಅಂತ ಗೊತ್ತಿದ್ದವರು ಹೇಳಿ.