ಟೆಂಪರರಿ ಬ್ರಿಡ್ಜು, ಫುಲ್ ಟೈಮ್ ಕಿರಿಕಿರಿ

ಎಡಗಡೆ ಕೆಳಗಿನ ದವಡೆ ಹಲ್ಲು ಕೀಳ್ಸಿ ಸುಮಾರು ವರ್ಷ ಆಗಿತ್ತು, ಡಾಕ್ಟ್ರ ಲೆಕ್ಕದಲ್ಲಿ ಅದು 36ನೇ ನಂಬರ್. ಈಗ ಆ ಜಾಗಕ್ಕೆ ಬ್ರಿಡ್ಜ್, ಅಂದ್ರೆ ಅಕ್ಕಪಕ್ಕದ ಹಲ್ಲುಗಳ ಮೇಲೆ ಕೂರೋ ಕಟ್ಟಿದ ಹಲ್ಲು, ಹಾಕಕ್ಕೆ ಅಕ್ಕಪಕ್ಕದ 35, 37 ಎರಡನ್ನೂ ಸಣ್ಣಗೆ ತೇಯ್ದು, ಅಳತೆ ತಗೊಂಡು ಲ್ಯಾಬಿಗೆ ಕಳ್ಸಿದಾರೆ. ಅದು ಬರೋ ತನಕ ಬಾಯಲ್ಲಿ ಒಂದು ಪ್ಲಾಸ್ಟಿಕ್ ಬ್ರಿಡ್ಜು.

ಕೂರ್ಸಿದಾಗ ಏನೂ ಅನ್ನಿಸ್ಲಿಲ್ಲ, ಹೇಗೆ ಅನ್ಸತ್ತೆ, ಇಂಜೆಕ್ಷನ್ ಕೊಟ್ಟು ಅರ್ಧ ಬಾಯಿ ಮರಗಟ್ಟಿತ್ತು. ಕಾರ್ಬನ್ ಪೇಪರ್ ತರದ್ದೊಂದು ನೀಲಿ ಹಾಳೆ ಇಟ್ಟು ಕಚ್ಚಿ ಅಂದ್ರು, ಸರಿ ಇದ್ಯಾ ಅಂದ್ರು, ನನ್ ತುಟಿ ಎಲ್ಲಿದೆ ಅಂತಾನೇ ಗೊತ್ತಾಗ್ದೆ ಇರೋವಾಗ ಏನಂತ ಹೇಳೋದು, ಹೂಂ ಅಂದೆ.

ಸಂಜೆ ಮರಗಟ್ಟಿದ್ದು ಬಿಟ್ಮೇಲೆ ಶುರುವಾಯ್ತು. ಬಾಯಿ ಮುಚ್ಚಿದ್ರೆ ಮೊದ್ಲು ಬ್ರಿಡ್ಜೇ ತಾಗತ್ತೆ, ಬಲಗಡೆ ಹಲ್ಲುಗಳು ಸೇರೋದೇ ಇಲ್ಲ. ಹಲ್ಲಿನ ಬೇರಿಗೂ ಮೂಳೆಗೂ ಮಧ್ಯ ತೆಳ್ಳಗಿನ ನಾರಿನ ಪದರ ಇರತ್ತೆ, ಒಂಚೂರು ಎತ್ತರ ಜಾಸ್ತಿಯಾದ್ರೂ ಪ್ರತಿಸಲ ಕಚ್ಚಿದಾಗ ಒತ್ತಡ ಎಲ್ಲಾ ಅದ್ರ ಮೇಲೇ ಬಿದ್ದು ನೋಯತ್ತೆ, ಆಮೇಲೆ ದವಡೆ ಸ್ನಾಯು ಹಿಡ್ಕೊಂಡು ಕಿವಿ ಹತ್ರ ಸೆಳೆತ. ಅದ್ರ ಜೊತೆ ಒಳಗಡೆ ಅಂಚು ಚೂಪಾಗಿ ವಸಡಿಗೆ ಚುಚ್ತಿತ್ತು, ನಾಲಿಗೆ ಬೇರೆ ಸುಮ್ನಿರದೆ ಅಲ್ಲಿಗೇ ಹೋಗತ್ತೆ. ತಣ್ಣೀರು ಕುಡಿದ್ರೆ ಜುಮ್ಮ್ ಅಂತ ತಲೆವರೆಗೂ. ಅಂಟಿಸೋ ಸಿಮೆಂಟಲ್ಲಿ ಲವಂಗದೆಣ್ಣೆಯ ಯೂಜಿನಾಲ್ ಇರತ್ತಲ್ಲ, ಕಾಫಿನೂ ಲವಂಗದ ರುಚಿ.

ಊಟಕ್ಕೆ ಕಾಪಾಡಿದ್ದು ಮುದ್ದೆ, ಅಗಿಯೋ ಹಂಗೇ ಇಲ್ಲ, ಸಾರಲ್ಲಿ ಅದ್ದಿ ನುಂಗೋದು. ಆದ್ರೆ ಸಾರಲ್ಲಿದ್ದ ಅವರೆಕಾಳಿನ ಸಿಪ್ಪೆ ಬ್ರಿಡ್ಜ್ ಅಡಿ ಸೇರ್ಕೊಂಡು ಪ್ರಾಣ ತಿಂತು. ಚಕ್ಕುಲಿ ಡಬ್ಬ ಕಡೆ ನೋಡೋದನ್ನೂ ಬಿಟ್ಟೆ.

ಕ್ಲಿನಿಕ್‌ಗೆ ಫೋನ್ ಮಾಡಿದ್ರೆ ರಿಸೆಪ್ಷನ್ ಅವ್ರು "ಟೆಂಪರರಿ ಅಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ" ಅಂದ್ರು. ನಂಗೆ ಉರೀತು. ತೇಯ್ದಿರೋ ಹಲ್ಲನ್ನ ಮುಚ್ಚಿ, ಪಕ್ಕಕ್ಕೆ ಸರೀದಂಗೆ ಹಿಡ್ದಿಟ್ಟು, ವಸಡು ಊದ್ಕೊಳ್ದಂಗೆ ನೋಡ್ಕೊಳಕ್ಕೇ ತಾನೇ ಅದನ್ನ ಹಾಕೋದು, ವಸಡು ಊದಿ ರಕ್ತ ಬರ್ತಿದ್ರೆ ಕೊನೆಗೆ ಅಸಲಿ ಬ್ರಿಡ್ಜ್ ಕೂರ್ಸೋಕೂ ಕಷ್ಟ. ಅಡ್ಜಸ್ಟ್ ಮಾಡ್ಬೇಕಾಗಿರೋದು ಬ್ರಿಡ್ಜನ್ನ, ನನ್ನನ್ನಲ್ಲ!

ಹೋಗಿ ಕೂತೆ. ಈ ಸಲ ಇಂಜೆಕ್ಷನ್ ಇಲ್ದೆ ಅದೇ ನೀಲಿ ಹಾಳೆ ಕಚ್ಚಿದಾಗ ಒಂದೇ ಜಾಗದಲ್ಲಿ ಗಾಢವಾದ ಚುಕ್ಕೆ ಬಿತ್ತು, ಅಲ್ಲಿ ಸ್ವಲ್ಪ ಉಜ್ಜಿದ್ರು, ಅಂಚಿಗೆ ಪಾಲಿಶ್ ಮಾಡಿದ್ರು, ಅಷ್ಟೇ ಕೆಲ್ಸ. ದವಡೆ ಸೆಳೆತ ಮಾರನೇ ದಿನಕ್ಕೇ ಇಳೀತು. ತಣ್ಣೀರಿಗೆ ಜುಮ್ ಅನ್ನೋದು ಇನ್ನೂ ಇದೆ, ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸ್ತಿದೀನಿ.

ಇದೇ ಕಷ್ಟದಲ್ಲಿರೋರಿಗೆ, ಪಕ್ಕದ ಸಂದಿಗೆ ಫ್ಲಾಸ್ (ಹಲ್ಲಿನ ಸಂದಿ ಕ್ಲೀನ್ ಮಾಡೋ ದಾರ) ಹಾಕಿದ್ರೆ ಮೇಲಕ್ಕೆ ಎಳೀಬೇಡಿ ಬ್ರಿಡ್ಜೇ ಎದ್ದು ಬರತ್ತೆ, ಪಕ್ಕದಿಂದ ಎಳೀರಿ. ವಸಡಿಗೆ ಲವಂಗದೆಣ್ಣೆ ಸುರಿದ್ರೆ ಸುಡತ್ತೆ. ಬಿಚ್ಕೊಂಡು ಬಂದ್ರೆ ಫೆವಿಕ್ವಿಕ್ ಹಾಕೋ ಐಡಿಯಾ ಕೊಡೋ ಚಿಕ್ಕಪ್ಪಂದಿರು ಎಲ್ಲಾ ಮನೇಲೂ ಇರ್ತಾರೆ, ಅವ್ರ ಮಾತು ಕೇಳ್ದೆ ಡಬ್ಬೀಲಿಟ್ಕೊಂಡು ಡಾಕ್ಟ್ರ ಹತ್ರ ಹೋಗಿ, ಬೇಗ.

ಅಸಲಿ ಬ್ರಿಡ್ಜ್ ಬಂದಾಗ ಅಂಟಿಸೋಕ್ ಮುಂಚೆ ಟ್ರಯಲ್ ನೋಡ್ತಾರಂತೆ. ಅವತ್ತು ಮರಗಟ್ಟಿಸ್ದೇನೇ ಕಚ್ಚಿ ನೋಡ್ತೀನಿ ಅಂತ ಈಗ್ಲೇ ಹೇಳ್ಬಂದಿದೀನಿ, ಜುಮ್ಮಂದ್ರೆ ಅನ್ಲಿ.