ಬಾಯ್ತುಂಬ ಜೊಲ್ಲು, ಆದ್ರೂ ಬಾಯಿ ಒಣಗಿದೆ

ಗಂಟಲು ಕ್ಯಾನ್ಸರ್ ಅಂದ ತಕ್ಷಣ ಎಲ್ಲರೂ ಎಚ್ಚರಿಸೋದು ನೋವಿನ ಬಗ್ಗೆ, ಊಟ ಸೇರಲ್ಲ ತೂಕ ಇಳಿಯುತ್ತೆ ಅಂತ, ಆಮೇಲೆ ಬಾಯಿ ಒಣಗುತ್ತೆ ಅಂತ. ಈ ಜೊಲ್ಲು ಕಫದ ವಿಷ್ಯ ಮಾತ್ರ ಯಾರೂ ಬಿಡಿಸಿ ಹೇಳಲ್ಲ, ಅಸಹ್ಯ ಅನ್ಸುತ್ತೋ ಏನೋ. ನನ್ನನ್ನಂತೂ ರೇಡಿಯೇಷನ್ ದಿನಗಳಲ್ಲಿ ನೋವಿಗಿಂತ ಜಾಸ್ತಿ ಹೈರಾಣ ಮಾಡಿದ್ದು ಇದೇ, ಅದ್ಕೇ ನಾಚಿಕೆ ಪಕ್ಕಕ್ಕಿಟ್ಟು ಬರೀತಿದೀನಿ. ಊಟ ಮಾಡ್ತಾ ಓದ್ತಿದ್ರೆ ಮುಗಿಸ್ಕೊಂಡು ಬನ್ನಿ.

ಸಾಮಾನ್ಯವಾಗಿ ರೇಡಿಯೇಷನ್ ಶುರುವಾಗಿ ಎರಡು ಮೂರು ವಾರಕ್ಕೆ ಇದು ಕಾಣಿಸ್ಕೊಳ್ಳುತ್ತೆ. ಎಂಜಲು ಮೊದ್ಲಿನ ಥರ ನೀರಾಗಿರಲ್ಲ, ಹಸಿ ಮೊಟ್ಟೆಯ ಬಿಳಿ ಥರ ಆಗಿ ಗಂಟಲಿನ ಹಿಂದೆ ಅಂಟ್ಕೊಂಡು ಕೂರುತ್ತೆ, ಉಗುಳೋಕೆ ಹೋದ್ರೆ ಅರ್ಧ ಆಚೆ ಬಂದು ಇನ್ನರ್ಧ ಒಳಗೇ ನೇತಾಡ್ತಿರುತ್ತೆ, ಅದನ್ನ ಎಳೆಯೋಕೆ ಹೋಗಿ ಓಕರಿಕೆ, ಓಕರಿಕೆ ಆಗಿ ಕುಡಿದಿದ್ದೆಲ್ಲ ವಾಂತಿ. ನಮ್ಮ ಮನೆಯವ್ರೆಲ್ಲ ಅಂದ್ಕೊಂಡಿದ್ದು ಜೊಲ್ಲು ಜಾಸ್ತಿ ಸುರೀತಿದೆ ಅಂತ. ನಿಜಕ್ಕೂ ಉಲ್ಟಾ. ಕಿವಿ ಮುಂದೆ ಇರೋ ಪೆರೋಟಿಡ್ ಗ್ರಂಥಿಗಳು ತೆಳ್ಳಗಿನ ನೀರು ಎಂಜಲು ಮಾಡೋವು, ರೇಡಿಯೇಷನ್ನಿಗೆ ಬೇಗ ಸೋಲೋದು ಅವೇ. ನಾಲಿಗೆ ಕೆಳಗಿನ ಗ್ರಂಥಿಗಳು, ತುಟಿ ಕೆನ್ನೆ ಒಳಗೆ ಇರೋ ಪುಟಾಣಿ ಗ್ರಂಥಿಗಳು ಮಾಡೋದು ಲೋಳೆ, ಅವು ಇನ್ನೂ ಸ್ವಲ್ಪ ಕೆಲ್ಸ ಮಾಡ್ತಿರ್ತವೆ. ನೀರು ಹೋಗಿ ಲೋಳೆ ಉಳಿದ್ರೆ ಇನ್ನೇನಾಗುತ್ತೆ ಹೇಳಿ. ಅದ್ರ ಮೇಲೆ, ಆರೋಗ್ಯವಾಗಿರೋ ಮನುಷ್ಯನಿಗೆ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಎಂಜಲು ಬರುತ್ತೆ, ಗೊತ್ತಿಲ್ದಂಗೆ ನುಂಗ್ತಾನೇ ಇರ್ತೀವಿ. ಗಂಟಲೊಳಗೆ ಹುಣ್ಣಾದಾಗ ನುಂಗೋದು ನಿಲ್ಲುತ್ತೆ, ಎಲ್ಲ ಅಲ್ಲೇ ಶೇಖರಣೆ.

ಇದು ತಲೆಗೆ ಹೋದ್ಮೇಲೆ ನನಗೆ ಎರಡು ವಿಷ್ಯ ಸ್ಪಷ್ಟ ಆಯ್ತು. ಒಂದು, ಇದನ್ನ ಒಣಗಿಸಬಾರದು, ತೆಳ್ಳಗೆ ಮಾಡಿ ಆಚೆ ಹಾಕ್ಬೇಕು. ನೆಗಡಿ ಅಲರ್ಜಿಗೆ ನಾವೇ ತಗೊಳ್ಳೋ ಮಾತ್ರೆಗಳಲ್ಲಿ ಸುಮಾರು ಬಾಯಿ ಒಣಗಿಸೋವೇ ಇರ್ತವೆ, ಡಾಕ್ಟ್ರನ್ನ ಕೇಳದೆ ನುಂಗಿದ್ರೆ ಕಫ ಇನ್ನೂ ಗಟ್ಟಿ. ಇನ್ನೊಂದು, ನೋವಿನ ಔಷಧಿ ಅಂದ್ರೇನೇ ಕಫದ ಔಷಧಿ. ನೋವು ಕಮ್ಮಿ ಇದ್ರೆ ನುಂಗ್ತೀವಿ, ನುಂಗಿದ್ರೆ ಶೇಖರಣೆ ಆಗಲ್ಲ. ತಡ್ಕೊಂಡ್ರೆ ಯಾರೂ ಪದಕ ಕೊಡಲ್ಲ, ಡಾಕ್ಟ್ರು ಹೇಳಿದ ಟೈಮಿಗೆ ತಗೊಳ್ಳಿ, ಸಾಲ್ತಿಲ್ಲ ಅಂದ್ರೆ ಸಾಲ್ತಿಲ್ಲ ಅಂತ ಬಾಯಿಬಿಟ್ಟು ಹೇಳಿ. ಗಂಟಲು ಮರಗಟ್ಟಿಸೋ ಲಿಗ್ನೋಕೇನ್ ಕೊಟ್ಟಿದ್ರೆ ಮಾತ್ರ ಹುಷಾರು, ಮರಗಟ್ಟಿದ ಗಂಟಲಲ್ಲಿ ನೀರು ಅಡ್ಡದಾರಿ ಹಿಡಿದು ಶ್ವಾಸನಾಳಕ್ಕೆ ಹೋದ್ರೂ ಗೊತ್ತಾಗಲ್ಲ.

ದಿನಾ ನನ್ನ ಕೈ ಹಿಡಿದಿದ್ದು ಬರೀ ಉಪ್ಪು ಸೋಡಾ ನೀರು. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡಿಗೆ ಸೋಡಾ, ಎಚ್ಚರ ಇರೋವಾಗೆಲ್ಲ ಎರಡು ಗಂಟೆಗೊಮ್ಮೆ ಮುಕ್ಕಳಿಸಿ ಉಗುಳೋದು, ನುಂಗೋದಲ್ಲ. ದಿನಾ ಹೊಸದು ಮಾಡ್ಕೊಬೇಕು. ಊಟಕ್ಕೆ ಅಥವಾ ಕುಡಿಯೋಕೆ ಕೂರೋ ಮುಂಚೆ ಒಂದು ಸಲ ಮುಕ್ಕಳಿಸಿದ್ರೆ ಮೊದಲ ಗುಟುಕಿಗೇ ಓಕರಿಕೆ ಬರೋದು ಎಷ್ಟೋ ತಪ್ಪುತ್ತೆ. ಅಂಗಡಿಯಲ್ಲಿ ಸಿಗೋ ಆಲ್ಕೋಹಾಲ್ ಇರೋ ಮೌತ್‌ವಾಶ್ ಹತ್ರ ಹೋಗ್ಲೇಬೇಡಿ, ಉರಿ ಬೇರೆ, ಒಣಗಿಸೋದು ಬೇರೆ. ಅನಾನಸ್, ಪಪ್ಪಾಯ ರಸ ಲೋಳೆ ಕರಗಿಸುತ್ತೆ ಅಂತ ಹೇಳೋರಿದ್ದಾರೆ, ಹುಣ್ಣಿಲ್ಲದ ಬಾಯಿಗೆ ಇರಬಹುದು, ಹುಣ್ಣಿರೋ ಬಾಯಿಗೆ ಅನಾನಸ್ ಹಾಕಿ ಅನ್ನೋರು ಒಂದ್ಸಲ ತಾವೇ ಹಾಕ್ಕೊಂಡು ನೋಡ್ಲಿ. ಹಾಲು ಕುಡಿದ್ರೆ ಕಫ ಹುಟ್ಟುತ್ತೆ ಅನ್ನೋದು ಅಷ್ಟು ಸರಿಯಲ್ಲ, ಹಾಲು ಎಂಜಲಿಗೆ ಸೇರಿ ದಪ್ಪ ಅನ್ಸುತ್ತೆ ಅಷ್ಟೆ. ತೂಕ ಇಳೀತಿರೋವಾಗ ಹಾಲು ಬಿಟ್ಬಿಡೋ ಬದ್ಲು ಕುಡಿದ್ಮೇಲೆ ಮುಕ್ಕಳಿಸಿ.

ನೀರು ಮುಖ್ಯ. ಕಫ ತೆಳ್ಳಗೆ ಮಾಡೋ ಗ್ವೈಫೆನೆಸಿನ್ ಥರದ ಔಷಧಿ ಕೊಡ್ತಾರೆ, ಮೈಯಲ್ಲಿ ನೀರೇ ಇಲ್ಲದಿದ್ರೆ ಅದೇನು ಮಾಡುತ್ತೆ ಪಾಪ. ಬಾಯಲ್ಲಿ ಆಗ್ತಿಲ್ಲ ಅಂದ್ರೆ, ಮೂಗಿಂದಲೋ ನೇರ ಹೊಟ್ಟೆಗೋ ಹಾಕಿರೋ ಊಟದ ಟ್ಯೂಬಲ್ಲಿ ಹಾಕಿ, ಎಷ್ಟು ಅಂತ ಡಯಟಿಷಿಯನ್ ಹೇಳ್ತಾರೆ, ಹೃದಯ ಕಿಡ್ನಿ ತೊಂದರೆ ಇರೋರು ಕೇಳ್ದೆ ಸುರ್ಕೋಬೇಡಿ. ಟ್ಯೂಬ್ ಇದೆ ಅಂತ ನುಂಗೋದನ್ನ ಪೂರ್ತಿ ಬಿಡಬೇಡಿ, ನುಂಗೋದನ್ನ ಅಭ್ಯಾಸ ಮಾಡಿಸೋ ಥೆರಪಿಸ್ಟ್ ಸರಿ ಅಂದ್ರೆ ಒಂದೊಂದು ಗುಟುಕಾದ್ರೂ ನುಂಗ್ತಿರಿ, ಕೆಲ್ಸ ಇಲ್ದೆ ಬಿದ್ದಿರೋ ಗಂಟಲಿನ ಸ್ನಾಯು ಬೇಗ ಬಿಗಿಯುತ್ತೆ.

ರಾತ್ರಿ ಇದೆಯಲ್ಲ, ಅದು ಬೇರೆಯದೇ ಕಥೆ. ಚಪ್ಪಟೆ ಮಲಗಿದ್ರೆ ಎಲ್ಲ ಗಂಟಲ ಹಿಂದಕ್ಕೆ ಜಾರಿ ಉಸಿರುಗಟ್ಟಿದಂಗಾಗಿ ಎದ್ದು ಕೂರೋದೇ ಕೆಲ್ಸ, ಕೂತು ಕೂತು ಗೋಡೆ ನೋಡೋದು. ತಲೆ ಮಾತ್ರ ಅಲ್ಲ, ಬೆನ್ನಿಂದ ಮೇಲಕ್ಕೆ ಎತ್ತಿ ಒರಗಿ ಮಲಗಿ. ರೂಮಲ್ಲಿ ತಣ್ಣನೆ ಆವಿಯ ಹ್ಯೂಮಿಡಿಫೈಯರ್ ಇದ್ರೆ ಒಳ್ಳೇದು ಆದ್ರೆ ದಿನಾ ತೊಳೀಬೇಕು, ಇಲ್ಲಾಂದ್ರೆ ಬೂಸ್ಟು ಉಸಿರಾಡ್ದಂಗೆ. ಡಾಕ್ಟ್ರು ಒಪ್ಪಿದ್ರೆ ಮಲಗೋ ಮುಂಚೆ ಸಲೈನ್ ನೆಬ್ಯುಲೈಸರ್, ಅಂದ್ರೆ ಉಪ್ಪುನೀರನ್ನ ಸಣ್ಣ ಮಂಜಿನ ಥರ ಮಾಡಿ ಉಸಿರಿಗೆ ಕೊಡೋ ಮಷೀನ್. ಇದ್ಯಾವುದಕ್ಕೂ ಜಗ್ಗದಿದ್ರೆ ಮನೆಗೆ ಸಕ್ಷನ್ ಮಷೀನ್ ಕೊಡ್ಸಿ ಅಂತ ಕೇಳಿ, ಮೊದ್ಲೇ ಕೇಳಿ, ಪೂರ್ತಿ ಸೋತ್ಮೇಲಲ್ಲ. ದಂತವೈದ್ಯರ ಹತ್ರ ಬಾಯಿ ನೀರು ಎಳೆಯೋ ಕೊಳವೆ ಇರುತ್ತಲ್ಲ ಅದೇ. ಕಣ್ಣಿಗೆ ಕಾಣೋಷ್ಟು ದೂರ ಮಾತ್ರ ಹಾಕಿ, ಆಳಕ್ಕೆ ತೂರಿಸಿದ್ರೆ ಹುಣ್ಣು ಕಿತ್ತು ರಕ್ತ ಬರುತ್ತೆ.

ಧ್ವನಿಪೆಟ್ಟಿಗೆ ತೆಗೆಸ್ಕೊಂಡೋರ ಲೆಕ್ಕ ಬೇರೆ. ಅವ್ರಿಗೆ ಗಾಳಿ ಕುತ್ತಿಗೆಯ ತೂತಿಂದ ನೇರ ಹೋಗುತ್ತೆ, ಗಾಳಿನ ಬೆಚ್ಚಗೆ ಮಾಡಿ ತೇವ ಮಾಡೋಕೆ ಮೂಗಿನ ಸಹಾಯ ಇರಲ್ಲ, ಹಾಗಾಗಿ ಕಫ ಗಟ್ಟಿಯಾಗಿ ಬಿರಡೆ ಹಾಕ್ದಂಗೆ ಕೂರಬಹುದು. ಮೂಗಿನ ಬದ್ಲು ಗಾಳಿನ ಬೆಚ್ಚಗೆ ತೇವವಾಗಿ ಇಡೋಕೆ ತೂತಿನ ಮೇಲೆ ಹಾಕೋ ಎಚ್‌ಎಮ್‌ಇ ಫಿಲ್ಟರ್ ತಪ್ಪಿಸಬಾರದು. ಉಸಿರು ಕಟ್ಟಿದ್ರೆ ಅದು ತುರ್ತು, ಕಾಯಬೇಡಿ.

ನಮ್ಮಂಥೋರೂ ಸುಮ್ನೆ ಕೂರಬಾರದ ಸಂದರ್ಭ ಇವೆ. ಕೀಮೋ ನಡೀತಿದ್ದು 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ, ಕಫದಲ್ಲಿ ಹೊಸ ರಕ್ತ, ಉಸಿರಾಡುವಾಗ ಸದ್ದು, ಒಂದು ಗುಟುಕು ನೀರೂ ನಿಲ್ಲದ ವಾಂತಿ, ಇವಕ್ಕೆ ಅವತ್ತೇ ಆಸ್ಪತ್ರೆ. ಬಾಯಲ್ಲಿ ಬಿಳಿ ಮಚ್ಚೆ ಕಂಡ್ರೆ ಫಂಗಸ್ ಇರಬಹುದು, ಔಷಧಿ ಇದೆ, ತೋರಿಸಿ.

ಇನ್ನು, ಕೊನೇ ರೇಡಿಯೇಷನ್ ದಿನ ಎಲ್ಲರೂ ಮುಗೀತಲ್ಲ ಅಂತಾರೆ. ಮುಗಿದಿರಲ್ಲ. ಮುಂದಿನ ಒಂದೆರಡು ವಾರ ಇನ್ನೂ ಜಾಸ್ತಿನೇ ಆಗಬಹುದು, ಇದು ಮೊದ್ಲೇ ಗೊತ್ತಿದ್ರೆ ಗಾಬರಿ ಕಮ್ಮಿ. ಆಮೇಲೆ ವಾರಗಳು, ಕೆಲವ್ರಿಗೆ ತಿಂಗಳುಗಳು ಹಿಡಿದು ಲೋಳೆ ತೆಳ್ಳಗಾಗ್ತಾ ಹೋಗುತ್ತೆ, ಆಗ ಶುರು ಎಲ್ಲರೂ ಹೇಳಿದ್ದ ಒಣ ಬಾಯಿ. ಈಗಿನ ಐಎಮ್‌ಆರ್‌ಟಿಯಲ್ಲಿ (ಗಡ್ಡೆಗೆ ಗುರಿಯಿಟ್ಟು ಅಕ್ಕಪಕ್ಕಕ್ಕೆ ಕಮ್ಮಿ ಬೀಳೋ ಥರ ರೇಡಿಯೇಷನ್ ಕೊಡೋ ವಿಧಾನ) ಗಡ್ಡೆಗೆ 70 ಗ್ರೇ (ರೇಡಿಯೇಷನ್ ಅಳೆಯೋ ಮಾನ) ಕೊಟ್ರೂ ಒಂದಾದ್ರೂ ಪೆರೋಟಿಡ್ ಗ್ರಂಥಿಗೆ ಸರಾಸರಿ 26 ಗ್ರೇ ಒಳಗೆ ಇರ್ಲಿ ಅಂತ ಪ್ಲಾನ್ ಮಾಡೋಕೆ ನೋಡ್ತಾರೆ, ಹಾಗೆ ಉಳಿದ್ರೆ ಎಂಜಲು ನಿಧಾನಕ್ಕೆ ವಾಪಸ್ ಬರೋ ಸಾಧ್ಯತೆ ಜಾಸ್ತಿ. ಎಂಜಲು ಬರಿಸೋ ಪೈಲೋಕಾರ್ಪಿನ್ ಮಾತ್ರೆ ಕೆಲವ್ರಿಗೆ ಕೆಲ್ಸ ಮಾಡುತ್ತೆ, ಬೆವರೂ ಸುರಿಸುತ್ತೆ, ಆಸ್ತಮಾ ಗ್ಲಾಕೋಮಾ ಇರೋರು ಮೊದ್ಲೇ ಹೇಳ್ಬೇಕು. ಎಂಜಲು ಕಮ್ಮಿ ಇರೋ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತೆ, ಫ್ಲೋರೈಡ್ ತಪ್ಪಿಸಬೇಡಿ, ಎಷ್ಟೇ ವರ್ಷ ಆದ್ಮೇಲೆ ಹಲ್ಲು ಕೀಳಿಸೋಕೆ ಹೋದ್ರೂ ಕುರ್ಚಿ ಮೇಲೆ ಕೂರೋ ಮುಂಚೆನೇ ಈ ದವಡೆಗೆ ರೇಡಿಯೇಷನ್ ಆಗಿದೆ ಅಂತ ಹೇಳಿ, ಆ ಮೂಳೆ ಮೊದ್ಲಿನ ಥರ ಮಾಯಲ್ಲ.