ಏಳರ ಜೋಡಿ, ಹತ್ತು ಬ್ಲೈಂಡ್: ಆರನೇ ವಾರದ ಲೆಕ್ಕ

ಈ ವಾರ ಬರೆಯೋದು ಎರಡು ದಿನ ತಡವಾಯಿತು. ಬೆಳಗಾವಿಯಲ್ಲಿ ಮಳೆ ಹಿಡಿದರೆ ಬಿಡೋದೇ ಇಲ್ಲ, ಕರೆಂಟ್ ಬೇರೆ ಹೋಗಿತ್ತು. ಭಾನುವಾರದ ಪೋಕರ್ ಆಟ ಮಾತ್ರ ತಪ್ಪಲಿಲ್ಲ. ಟಿಳಕವಾಡಿಯಲ್ಲಿ ಗೆಳೆಯನ ಮನೆಯ ಮಹಡಿ, ಎಂಟು ಜನ, ಪ್ಲಾಸ್ಟಿಕ್ ಚಿಪ್ಸ್. ದುಡ್ಡು ಇಲ್ಲ, ಮೊದಲ ಇಬ್ಬರಿಗೆ ಕುಂದಾ ಅಷ್ಟೇ. ಮುಂಚೆ ಫೋನಿನಲ್ಲಿ ಆಡುತ್ತಿದ್ದೆವು. 2025ರ ಆಗಸ್ಟ್‌ನಲ್ಲಿ ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಬಂದ ಮೇಲೆ ಟೇಬಲ್ ಸುತ್ತ ಕೂತೆವು, ನನಗಂತೂ ಎದುರಿನವರ ಮುಖ ನೋಡಿಕೊಂಡು ಆಡೋದೇ ಜಾಸ್ತಿ ಇಷ್ಟ.

ಹೊಸದಾಗಿ ಓದುವವರಿಗೆ ಒಂದು ಮಾತು. ಈ ಆಟದಲ್ಲಿ ಪ್ರತಿಯೊಬ್ಬರ ಕೈಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಪ್ರತಿ ಸಲ ಎಲೆ ನೋಡುವ ಮುಂಚೆಯೇ ಇಬ್ಬರು ಕಡ್ಡಾಯವಾಗಿ ಹಾಕುವ ಚಿಪ್ಸೇ ಬ್ಲೈಂಡ್, ಅದರಲ್ಲಿ ದೊಡ್ಡದು ಬಿಗ್ ಬ್ಲೈಂಡ್. ಕೈಯಲ್ಲಿರುವ ಚಿಪ್ಸನ್ನು ಅದರ ಎಷ್ಟು ಪಟ್ಟು ಅಂತ ಅಳೆಯುತ್ತೇವೆ. ನಾನು ಹಿಡಿದುಕೊಂಡಿರೋದು ಒಂದೇ ವಿಷಯ: ಚಿಪ್ಸ್ ಕರಗಿ 15 ಬಿಗ್ ಬ್ಲೈಂಡ್‌ಗಿಂತ ಕಡಿಮೆ ಆದಾಗ ಏಳರಿಂದ ಹತ್ತರವರೆಗಿನ ಜೋಡಿ ಬಂದರೆ ಏನು ಮಾಡಬೇಕು. ಈ ನಾಲ್ಕು ಜೋಡಿಗಳಲ್ಲಿ ಯಾವುದಾದರೂ ಒಂದು ಬರೋದು ಸುಮಾರು 55 ಸಲ ಎಲೆ ಹಂಚಿದರೆ ಒಂದು ಸಲ. ಆರು ವಾರದಲ್ಲಿ ನನಗೆ ಹನ್ನೊಂದು ಸಲ ಬಂತು, ಚಿಪ್ಸ್ ಕಡಿಮೆ ಇದ್ದಾಗ ಬಂದದ್ದು ಏಳು. ಎರಡು ಸಲ ಬರೀ ಕಾಲ್ ಮಾಡಿದೆ (ಎದುರಿನವರು ಹಾಕಿದಷ್ಟೇ ಹಾಕೋದು), ಒಮ್ಮೆ ಎಲೆ ಬಿಟ್ಟೆ, ನಾಲ್ಕು ಸಲ ಆಲ್ ಇನ್, ಅಂದರೆ ಇದ್ದ ಚಿಪ್ಸ್ ಎಲ್ಲಾ ಹಾಕೋದು.

ಆ ಎರಡು ಕಾಲ್‌ಗಳೇ ನನ್ನ ಹಳೇ ತಪ್ಪು. ಮೊದಲ ವಾರ ನನ್ನ ಹತ್ತಿರ 12 ಬ್ಲೈಂಡ್ ಇತ್ತು, ಎಂಟರ ಜೋಡಿ ಬಂತು. ನನಗಿಂತ ಮೊದಲಿನವನು ಎರಡೂ ಚಿಲ್ಲರೆ ಬ್ಲೈಂಡ್‌ಗೆ ಏರಿಸಿದ, ನಾನು ಸುಮ್ನೆ ಕಾಲ್ ಮಾಡಿ ಫ್ಲಾಪ್ (ನಡುವೆ ಬೀಳುವ ಮೊದಲ ಮೂರು ಎಲೆ) ನೋಡೋಣ ಅಂದುಕೊಂಡೆ. ಬಿದ್ದದ್ದು ರಾಜ, ಗುಲಾಮ, ನಾಲ್ಕು. ಅವನು ಬೆಟ್ ಮಾಡಿದ, ನಾನು ಎಲೆ ಕೆಳಗಿಟ್ಟೆ. ಮನೆಗೆ ಬಂದು ಲೆಕ್ಕ ಹಾಕಿದರೆ, ಎಂಟರ ಜೋಡಿ ಕೈಯಲ್ಲಿದ್ದಾಗ ಫ್ಲಾಪ್‌ನಲ್ಲಿ ಒಂದಾದರೂ ದೊಡ್ಡ ಎಲೆ ಬರೋದು ನೂರಕ್ಕೆ ಸುಮಾರು 87 ಸಲ! ಇನ್ನೊಂದು ಎಂಟು ಬಿದ್ದು ಸೆಟ್ (ಒಂದೇ ಅಂಕಿಯ ಮೂರು ಎಲೆ) ಆಗೋದು ನೂರಕ್ಕೆ 12 ಸಲ ಮಾತ್ರ. ಚಿಪ್ಸ್ ರಾಶಿ ಇದ್ದವನು ಸೆಟ್‌ಗಾಗಿ ಕಾಯಬಹುದು, ಸಿಕ್ಕಾಗ ಹತ್ತಿಪ್ಪತ್ತು ಪಟ್ಟು ವಾಪಸ್ ಬರುತ್ತೆ. ನನ್ನ ಹತ್ತಿರ ಕಾಲ್ ಆದ ಮೇಲೆ ಉಳಿದದ್ದೇ ಹತ್ತು ಬ್ಲೈಂಡ್, ಅಂದರೆ ಹಾಕಿದ್ದರ ನಾಲ್ಕೂವರೆ ಪಟ್ಟು. ಹೇಗೂ ಹೊಂದೋದಿಲ್ಲ.

ಈ ಭಾನುವಾರದ ಕೈ ಪೂರ್ತಿ ಹೇಳುತ್ತೇನೆ. ಬ್ಲೈಂಡ್ 500-1000, ಬಿಗ್ ಬ್ಲೈಂಡ್‌ನವರು ಇನ್ನೊಂದು ಸಾವಿರ ಆಂಟೆ (ಬ್ಲೈಂಡ್ ಜೊತೆಗಿನ ಕಡ್ಡಾಯ ಚಿಪ್ಸ್) ಹಾಕಬೇಕು. ನನ್ನ ಹತ್ತಿರ ಸರಿಯಾಗಿ 10,000. ಕಟ್‌ಆಫ್‌ನಲ್ಲಿ, ಅಂದರೆ ನನ್ನ ನಂತರ ಮೂವರೇ ಮಾತಾಡುವ ಜಾಗದಲ್ಲಿ ಕೂತಿದ್ದೆ, ನನ್ನವರೆಗೆ ಎಲ್ಲರೂ ಬಿಟ್ಟಿದ್ದರು. ಎಲೆ ತಿರುಗಿಸಿದರೆ ಇಸ್ಪೀಟ್ ಏಳು, ಆಟೀನ್ ಏಳು. ಎಲ್ಲಾ ಮುಂದೆ ತಳ್ಳಿದೆ.

ಯಾಕೆ ಅಂದರೆ, ನಡುವೆ 2,500 ಬಿದ್ದಿದೆ. ಎಲ್ಲರೂ ಬಿಟ್ಟರೆ ಅದು ನನ್ನದು, ಚಿಪ್ಸ್ ಒಂದೇ ಏಟಿಗೆ ಕಾಲು ಭಾಗ ಹೆಚ್ಚುತ್ತೆ. ಬಿಗ್ ಬ್ಲೈಂಡ್ ಕಾಲ್ ಮಾಡಿದರೆ ಒಟ್ಟು 21,500 ಆಗುತ್ತೆ. ಕಾಲ್ ಮಾಡುವವರ ಎಲೆ ಚೆನ್ನಾಗೇ ಇರುತ್ತೆ ಅಂತ ನನಗೆ ಗೆಲುವು ನೂರಕ್ಕೆ 45 ಅಷ್ಟೇ ಹಿಡಿದರೂ, ಪಾಲು 9,700ರ ಹತ್ತಿರ ಬರುತ್ತೆ. ಅಂದರೆ ಕಾಲ್ ಬಂದಾಗ ಸರಾಸರಿ ಮುನ್ನೂರರಷ್ಟು ಹೋಗುತ್ತೆ, ಬಿಟ್ಟಾಗ ಎರಡೂವರೆ ಸಾವಿರ ಬರುತ್ತೆ. ಈ ಲೆಕ್ಕ ಕಾಗದದ ಮೇಲೆ ಬರೆದ ದಿನ ನನಗೆ ನಿಜವಾಗಿ ಖುಷಿಯಾಗಿತ್ತು.

ಬಿಗ್ ಬ್ಲೈಂಡ್‌ನಲ್ಲಿ ಗೆಳೆಯನ ಕಾಕಾ ಇದ್ದರು. "ಏಳರ ಜೋಡಿ ಇಟಗೊಂಡು ಎಲ್ಲಾ ಹಾಕೂದೇನೋ?" ಅಂತ ಆಮೇಲೆ ಕೇಳಿದರು. "ಹಾಕಬೇಕ್ರಿ ಕಾಕಾ, ಇನ್ನೊಂದು ಸುತ್ತು ಕಾದ್ರ ಏಳೂವರೆ ಸಾವಿರ ಉಳೀತಾವು" ಅಂದೆ. ಅವರದು ಎಕ್ಕಾ-ರಾಣಿ. ನಾನು ಅರ್ಧಕ್ಕಿಂತ ಸ್ವಲ್ಪ ಮುಂದೆ. ಫ್ಲಾಪ್ ಒಂಬತ್ತು, ಐದು, ಎರಡು, ಟರ್ನ್‌ನಲ್ಲಿ (ನಾಲ್ಕನೇ ಎಲೆ) ಮೂರು. ರಿವರ್‌ನಲ್ಲಿ (ಐದನೇ, ಕೊನೆಯ ಎಲೆ) ರಾಣಿ. ಐದನೆಯವನಾಗಿ ಎದ್ದೆ. ಬೇಜಾರಾಯಿತು, ಆದರೆ ನಾಳೆ ಇದೇ ಎಲೆ ಬಂದರೂ ಇದನ್ನೇ ಮಾಡುತ್ತೇನೆ. ಉಳಿದ ಮೂರು ಆಲ್ ಇನ್‌ಗಳಲ್ಲಿ ಎರಡು ಸಲ ಎಲ್ಲರೂ ಬಿಟ್ಟರು, ಒಂದು ಸಲ ಎಕ್ಕಾ-ರಾಜನ ಎದುರು ಒಂಬತ್ತರ ಜೋಡಿ ನಿಂತಿತು.

ಬಿಟ್ಟಿದ್ದು ನಾಲ್ಕನೇ ವಾರ. ಆವತ್ತು ಏಳರ ಜೋಡಿಯೇ, 12 ಬ್ಲೈಂಡ್, ಆದರೆ ಎಲ್ಲರಿಗಿಂತ ಮೊದಲು ಮಾತಾಡುವ ಜಾಗದಿಂದ ಕಾಕಾನೇ ಏರಿಸಿದ್ದರು. ಅವರು ಅಲ್ಲಿಂದ ಸುಮ್ಮಸುಮ್ನೆ ಏರಿಸುವವರಲ್ಲ. ಅವರ ಹತ್ತಿರ ದೊಡ್ಡ ಜೋಡಿ ಇದ್ದರೆ ನಾನು ಗೆಲ್ಲೋದು ಐದಕ್ಕೆ ಒಂದು ಸಲ, ಎರಡು ದೊಡ್ಡ ಎಲೆ ಇದ್ದರೂ ಹೆಚ್ಚುಕಡಿಮೆ ಸಮ ಸಮ, ಮೇಲಾಗಿ ಅವರು ಬಿಡುವ ಆಸೆಯೂ ಕಮ್ಮಿ. ಹತ್ತರ ಜೋಡಿ ಇದ್ದಿದ್ದರೆ ತಳ್ಳುತ್ತಿದ್ದೆ. ಬದಲಿಗೆ ಬಟನ್‌ನಿಂದ (ಬ್ಲೈಂಡ್ ಹಾಕಿದ ಇಬ್ಬರನ್ನು ಬಿಟ್ಟರೆ ಕೊನೆಗೆ ಮಾತಾಡುವ ಜಾಗ) ಯಾರಾದರೂ ಏರಿಸಿದ್ದರೆ ಏಳಕ್ಕೂ ತಳ್ಳುತ್ತಿದ್ದೆ, ಅಲ್ಲಿಂದ ಎಂಥ ಎಲೆಗೂ ಏರಿಸ್ತಾರೆ ಅಲ್ವಾ.

ಇನ್ನು ಕೂತು ನೋಡಬೇಕಿರೋದು ಮೂವರು ಉಳಿದಾಗಿನ ಆಟ. ಮೂರನೆಯವರಿಗೆ ಕುಂದಾ ಇಲ್ಲ, ಹಾಗಾಗಿ ನಾನು ತಳ್ಳಿದರೆ ಬೇರೆಯವರು ಬಿಡೋದು ಜಾಸ್ತಿ, ಬೇರೆಯವರು ತಳ್ಳಿದಾಗ ಎಂಟರ ಜೋಡಿಯಲ್ಲಿ ನಾನು ಕಾಲ್ ಮಾಡೋದು ಅಷ್ಟೇ ಕಷ್ಟ. ಈ ವಾರ ರಾತ್ರಿ ಊಟ ಆದ ಮೇಲೆ ಏಳು, ಎಂಟು, ಒಂಬತ್ತು ಮೂರಕ್ಕೂ ಬೇರೆ ಬೇರೆ ಹಾಳೆ ಮಾಡಿ ಬರೆಯುತ್ತೇನೆ. ಏಳರ ಹಾಳೆ ಅರ್ಧ ಆಗಿದೆ.